ಫಾರ್ಮುಲಾ ಬರುತ್ತದೆ, ಫ್ಯುಗಾಸಿಟಿ ಅರ್ಥವಾಗುತ್ತಿಲ್ಲ: ಎಂ.ಟೆಕ್. ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಕೆಮಿಕಲ್ ಎಂಜಿನಿಯರಿಂಗ್ ಎಂ.ಟೆಕ್. ಮೊದಲ ಸೆಮಿಸ್ಟರ್‌ನಲ್ಲಿ ಇದ್ದೇನೆ. ಊರು ಬಾಗಲಕೋಟೆ ಜಿಲ್ಲೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬಿ.ಇ.ಯಲ್ಲಿ ಥರ್ಮೊಡೈನಮಿಕ್ಸ್‌ಗೆ ಒಳ್ಳೆಯ ಅಂಕ ಬಂದಿತ್ತು. ಈಗ ಅಡ್ವಾನ್ಸ್ಡ್ ಥರ್ಮೊಡೈನಮಿಕ್ಸ್‌ನ ಮೊದಲ ಟೆಸ್ಟ್‌ನಲ್ಲಿ 50ಕ್ಕೆ 14 ಬಂದಿದೆ. ಕೆಮಿಕಲ್ ಪೊಟೆನ್ಶಿಯಲ್, ಫ್ಯುಗಾಸಿಟಿ, ಆಕ್ಟಿವಿಟಿ ಕೊಯೆಫಿಶಿಯೆಂಟ್ ಎಲ್ಲದರ ಡೆರಿವೇಶನ್ ಬರೆಯುತ್ತೇನೆ. ಆದರೆ ಅವು ಏನು ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಸೀನಿಯರ್‌ಗಳು, 'ಎಲ್ಲಾ ಸಾಫ್ಟ್‌ವೇರೇ ಮಾಡುತ್ತೆ, ಬಾಯಿಪಾಠ ಮಾಡಿ ಪಾಸಾಗು' ಅನ್ನುತ್ತಾರೆ. ಗೆಳತಿಯೊಬ್ಬಳು ಮೊದಲು ಗಣಿತ ಗಟ್ಟಿ ಮಾಡಿಕೊ ಅನ್ನುತ್ತಾಳೆ. ಮುಂದೆ ಪ್ರೋಸೆಸ್ ಡಿಸೈನ್ ಕೆಲಸಕ್ಕೆ ಸೇರುವ ಆಸೆ. ಈ ವಿಷಯ ಬಿಟ್ಟು ಬೇರೆ ತೆಗೆದುಕೊಳ್ಳಲೇ? ನನ್ನ ಕನ್ನಡ ಮಾಧ್ಯಮವೇ ಇದಕ್ಕೆ ಕಾರಣವೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕನ್ನಡ ಮಾಧ್ಯಮ ಇದಕ್ಕೆ ಕಾರಣ ಅಲ್ಲ. ಫ್ಯುಗಾಸಿಟಿ ಅನ್ನುವುದು ಇಂಗ್ಲಿಷ್‌ನಲ್ಲೇ ಹುಟ್ಟಿ ಬೆಳೆದವರಿಗೂ ಅಷ್ಟೇ ಅಪರಿಚಿತ. ನಾನು ಮೊದಲು ಡಿಸೈನ್ ಕಚೇರಿಯಲ್ಲಿದ್ದೆ, ಆಮೇಲೆ ಪಾಠ ಹೇಳಿದೆ. ದೊಡ್ಡ ಇಂಗ್ಲಿಷ್ ಶಾಲೆಗಳಿಂದ ಬಂದವರೂ ಇದೇ ಜಾಗದಲ್ಲಿ ಎಡವುವುದನ್ನು ಎರಡೂ ಕಡೆ ನೋಡಿದ್ದೇನೆ. 'ಡೆರಿವೇಶನ್ ಬರುತ್ತದೆ, ಅದು ಏನು ಅಂತ ಗೊತ್ತಿಲ್ಲ' ಎಂದು ನೀವು ಬರೆದಿದ್ದೀರಲ್ಲ, ಅದು ಬಹಳ ನಿಖರವಾದ ಮಾತು. ತೊಂದರೆ ಎಲ್ಲಿದೆ ಅಂತ ಅರ್ಧ ನೀವೇ ಕಂಡುಕೊಂಡಿದ್ದೀರಿ.

ಬಿ.ಇ.ಯಲ್ಲಿ ಓದಿದ ಥರ್ಮೊದಲ್ಲಿ ಹೆಚ್ಚಿನಂಶ ಒಂದೇ ವಸ್ತುವಿನ ಕತೆ. ಉಗಿ, ಟರ್ಬೈನ್, ಫ್ರಿಜ್. ಒತ್ತಡವನ್ನೂ ತಾಪಮಾನವನ್ನೂ ಅಳೆಯುತ್ತೀರಿ, ಸ್ಟೀಮ್ ಟೇಬಲ್ ನೋಡುತ್ತೀರಿ, ಉತ್ತರ ಬರುತ್ತದೆ. ಈಗ ಮಿಶ್ರಣ ಬಂತು. ನೀರಿನಲ್ಲಿ ಎಥನಾಲ್ ಬೆರೆತಾಗ ಎಥನಾಲ್ ಅಣು ಒಂಟಿಯಾಗಿದ್ದ ಹಾಗೆ ನಡೆದುಕೊಳ್ಳುವುದಿಲ್ಲ. 50 ಮಿಲಿಲೀಟರ್ ನೀರಿಗೆ 50 ಮಿಲಿಲೀಟರ್ ಎಥನಾಲ್ ಹಾಕಿ ನೋಡಿ. 100 ಬರುವುದಿಲ್ಲ, ಸುಮಾರು 96-97 ಬರುತ್ತದೆ. ಹಾಗಾದರೆ ಆ ಮಿಶ್ರಣದಲ್ಲಿ ಎಥನಾಲ್‌ನ ಪಾಲು ಎಷ್ಟು, ನೀರಿನ ಪಾಲು ಎಷ್ಟು? ಪಾರ್ಶಿಯಲ್ ಮೋಲಾರ್ ವಾಲ್ಯೂಮ್ ಅನ್ನುವುದು ಈ ಪ್ರಶ್ನೆಗೆ ಉತ್ತರ. ನೀವು ಬರೆಯುವ ಡೆರಿವೇಶನ್ ಅಲ್ಲಿಂದ ಶುರುವಾಗುತ್ತದೆ. ಆದರೆ ಪುಸ್ತಕ ಶುರುವಾಗುವುದು ಪಾರ್ಶಿಯಲ್ ಡೆರಿವೇಟಿವ್‌ನಿಂದ. ಪ್ರಶ್ನೆ ಕೇಳದೇ ಉತ್ತರ ಕೊಟ್ಟರೆ ಅದು ತಲೆಯಲ್ಲಿ ನಿಲ್ಲುವುದು ಕಷ್ಟ, ಅಲ್ವಾ?

ಇನ್ನೊಂದು ಕಾರಣ ಇದೆ. ಇದನ್ನು ತರಗತಿಯಲ್ಲಿ ಬಿಡಿಸಿ ಹೇಳುವುದು ಕಡಿಮೆ. ಈ ವಿಷಯದಲ್ಲಿ ಬರುವ ಮುಖ್ಯ ಪರಿಮಾಣಗಳನ್ನು ಯಾವ ಮೀಟರಿನಿಂದಲೂ ನೇರವಾಗಿ ಅಳೆಯಲು ಆಗುವುದಿಲ್ಲ. ಎಂಟ್ರೊಪಿ ಮೀಟರ್ ಇಲ್ಲ, ಕೆಮಿಕಲ್ ಪೊಟೆನ್ಶಿಯಲ್ ಮೀಟರ್ ಇಲ್ಲ. ನಮ್ಮ ಕೈಗೆ ಸಿಗುವುದು ಒತ್ತಡ, ತಾಪಮಾನ, ಗಾತ್ರ, ಮಿಶ್ರಣದ ಪ್ರಮಾಣ ಮತ್ತು ಶಾಖ. ಪ್ಲಾಂಟ್‌ನಲ್ಲಿ ನಮಗೆ ಬೇಕಾದ ಉತ್ತರ ಬೇರೆ: ಈ ಅಣು ದ್ರವದಲ್ಲಿ ಉಳಿಯುತ್ತದೋ, ಆವಿಗೆ ಹೋಗುತ್ತದೋ? ಕೈಯಲ್ಲಿರುವ ಅಳತೆಗಳಿಂದ ಈ ಉತ್ತರದವರೆಗೆ ಹೋಗುವ ದಾರಿಯೇ ಅಡ್ವಾನ್ಸ್ಡ್ ಥರ್ಮೊ. ಮ್ಯಾಕ್ಸ್‌ವೆಲ್ ಸಂಬಂಧಗಳು ಇರುವುದೂ ಇದಕ್ಕೇ. ಅಳೆಯಲಾಗದ ಎಂಟ್ರೊಪಿ ಬದಲಾವಣೆಯನ್ನು ಅಳೆಯಬಹುದಾದ ಒತ್ತಡ, ಗಾತ್ರ, ತಾಪಮಾನಕ್ಕೆ ತಿರುಗಿಸಿ ಕೊಡುತ್ತವೆ. ಅದನ್ನು ಚೌಕ ಬರೆದು ನೆನಪಿಟ್ಟುಕೊಂಡರೆ ಟೆಸ್ಟ್‌ಗೆ ಸಾಕು. ಯಾಕೆ ಬೇಕು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ.

ಈಗ ಫ್ಯುಗಾಸಿಟಿಗೆ ಬರೋಣ. ಅಮೆರಿಕದ ಗಿಬ್ಸ್ 1870ರ ದಶಕದಲ್ಲೇ ಹೇಳಿದ್ದರು: ಎರಡು ಹಂತಗಳು (ಫೇಸ್‌ಗಳು, ಅಂದರೆ ದ್ರವ ಮತ್ತು ಆವಿಯಂಥವು) ಸಮತೋಲನದಲ್ಲಿದ್ದರೆ ಪ್ರತಿ ಘಟಕದ ಕೆಮಿಕಲ್ ಪೊಟೆನ್ಶಿಯಲ್, ಅಂದರೆ ಆ ಘಟಕವನ್ನು ಒಂಚೂರು ಸೇರಿಸಿದರೆ ಗಿಬ್ಸ್ ಎನರ್ಜಿ ಎಷ್ಟು ಬದಲಾಗುತ್ತದೆ ಅನ್ನುವುದು, ಎರಡೂ ಕಡೆ ಒಂದೇ ಇರಬೇಕು. ತತ್ವ ಅಷ್ಟೇ, ಪೂರ್ತಿ. ಆದರೆ ಲೆಕ್ಕಕ್ಕೆ ಕೂತರೆ ಒಂದು ಕಿರಿಕಿರಿ. ಮಿಶ್ರಣದಲ್ಲಿ ಒಂದು ಘಟಕ ಸೊನ್ನೆಯತ್ತ ಹೋದಂತೆ ಅದರ ಕೆಮಿಕಲ್ ಪೊಟೆನ್ಶಿಯಲ್ ಮೈನಸ್ ಅನಂತದತ್ತ ಹೋಗುತ್ತದೆ. ಮಧ್ಯೆ ಲಾಗರಿದಮ್ ಇರುವುದರಿಂದ ಹೀಗೆ. ಇದನ್ನು ಇಟ್ಟುಕೊಂಡು ಡಿಸ್ಟಿಲೇಶನ್ ಕಾಲಂ ಲೆಕ್ಕ ಹಾಕುವುದು ಕಷ್ಟ. 1901ರಲ್ಲಿ ಜಿ.ಎನ್. ಲೂಯಿಸ್ ಅದೇ ಮಾಹಿತಿಯನ್ನು ಒತ್ತಡದ ರೂಪಕ್ಕೆ ತಂದರು. ಆ ರೂಪವೇ ಫ್ಯುಗಾಸಿಟಿ. ಅದರ ಯೂನಿಟ್ ಒತ್ತಡದ್ದೇ. ಒತ್ತಡ ತೀರಾ ಕಡಿಮೆಯಾದಾಗ ಅದು ಪಾರ್ಶಿಯಲ್ ಪ್ರೆಶರ್‌ಗೇ ಸಮ. ಅಂದರೆ ಒಂದು ಅಣುವಿಗೆ ತಾನಿರುವ ಜಾಗ ಬಿಟ್ಟು ಹೋಗುವ ತವಕ ಎಷ್ಟು ಅನ್ನುವುದನ್ನು ಒತ್ತಡದ ಭಾಷೆಯಲ್ಲಿ ಹೇಳುವುದು. ಎರಡೂ ಹಂತಗಳಲ್ಲಿ ಆ ತವಕ ಸಮ ಆದಾಗ ಸಮತೋಲನ.

ಇದು ಬರೀ ಲೆಕ್ಕದ ಅನುಕೂಲ ಅಂದುಕೊಳ್ಳಬೇಡಿ. ಅಮೋನಿಯ ತಯಾರಿಕೆಯ ಕ್ರಿಯೆಯನ್ನು 1920ರ ದಶಕದಲ್ಲಿ ಲಾರ್ಸನ್ ಮತ್ತು ಡಾಜ್ ಅಳೆದಿದ್ದರು. 450 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ಮೋಲ್ ಅಮೋನಿಯದ ಲೆಕ್ಕದಲ್ಲಿ, ಪಾರ್ಶಿಯಲ್ ಪ್ರೆಶರ್‌ಗಳಿಂದ ಸಮತೋಲನ ಸ್ಥಿರಾಂಕ ತೆಗೆದರೆ 10 ಅಟ್ಮಾಸ್ಫಿಯರ್‌ನಲ್ಲಿ ಸುಮಾರು 0.0066 ಬರುತ್ತದೆ. 1000 ಅಟ್ಮಾಸ್ಫಿಯರ್‌ನಲ್ಲಿ ಸುಮಾರು 0.023. ತಾಪಮಾನ ಬದಲಾಗಿಲ್ಲ. ಆದರೂ 'ಸ್ಥಿರಾಂಕ' ಮೂರು ಪಟ್ಟಿಗಿಂತ ಜಾಸ್ತಿ ಆಗಿದೆ! ತಪ್ಪು ಕ್ರಿಯೆಯಲ್ಲಿಲ್ಲ. ಅಷ್ಟು ಒತ್ತಡದಲ್ಲೂ ಅನಿಲಗಳನ್ನು ಆದರ್ಶ ಅನಿಲ ಅಂದುಕೊಂಡದ್ದು ತಪ್ಪು. ಒತ್ತಡದ ಜಾಗದಲ್ಲಿ ಫ್ಯುಗಾಸಿಟಿ ಇಟ್ಟು, ಮಿಶ್ರಣದ ವರ್ತನೆಯನ್ನೂ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡರೆ ಸ್ಥಿರಾಂಕ ನಿಜಕ್ಕೂ ಸ್ಥಿರವಾಗಿ ನಿಲ್ಲುತ್ತದೆ.

ಗಣಿತದ ಮಾತು. ಗೆಳತಿ ಹೇಳಿದ್ದರಲ್ಲಿ ಸ್ವಲ್ಪ ಸತ್ಯ ಇದೆ, ಜಾಸ್ತಿ ಇಲ್ಲ. ಪಾರ್ಶಿಯಲ್ ಡೆರಿವೇಟಿವ್, ಟೋಟಲ್ ಡಿಫರೆನ್ಶಿಯಲ್, ಹೊಮೊಜೀನಿಯಸ್ ಫಂಕ್ಷನ್‌ಗಳ ಮೇಲಿನ ಆಯ್ಲರ್ ಪ್ರಮೇಯ, ನ್ಯೂಟನ್ ವಿಧಾನದಿಂದ ಸಮೀಕರಣದ ಮೂಲ ಹುಡುಕುವುದು. ಈ ಕೋರ್ಸ್‌ಗೆ ಬೇಕಾದದ್ದು ಹೆಚ್ಚುಕಮ್ಮಿ ಇಷ್ಟೇ. ಇದನ್ನೆಲ್ಲ ನೀವು ಬಿ.ಇ.ಯಲ್ಲೇ ಓದಿದ್ದೀರಿ. ಡೆರಿವೇಶನ್ ಬರೆಯಲು ಬರುತ್ತದೆ ಅಂದರೆ ಗಣಿತ ಸಾಕಷ್ಟಿದೆ ಅಂತಲೇ ಅರ್ಥ.

ವಿದ್ಯಾರ್ಥಿಗಳನ್ನು ನಿಜವಾಗಿ ದಾರಿ ತಪ್ಪಿಸುವುದು ರೆಫರೆನ್ಸ್ ಸ್ಟೇಟ್. ಘಟಕವೊಂದು ಆದರ್ಶ ವರ್ತನೆಯಿಂದ ಎಷ್ಟು ದೂರ ಸರಿದಿದೆ ಅಂತ ಹೇಳುವುದು ಆಕ್ಟಿವಿಟಿ ಕೊಯೆಫಿಶಿಯೆಂಟ್. ಅದು 2 ಅಂದರೆ, ಯಾವುದಕ್ಕೆ ಹೋಲಿಸಿದರೆ 2? ಎಥನಾಲ್–ನೀರಿನ ಲೆಕ್ಕದಲ್ಲಿ ಶುದ್ಧ ದ್ರವಕ್ಕೆ ಹೋಲಿಸುತ್ತೇವೆ. ಆದರೆ ನೀರಿನಲ್ಲಿ ಕರಗಿದ ಆಮ್ಲಜನಕ ತೆಗೆದುಕೊಳ್ಳಿ. ಆಮ್ಲಜನಕದ ಕ್ರಿಟಿಕಲ್ ತಾಪಮಾನ ಮೈನಸ್ 118.6 ಡಿಗ್ರಿ. 25 ಡಿಗ್ರಿಯಲ್ಲಿ ಶುದ್ಧ ದ್ರವ ಆಮ್ಲಜನಕ ಅನ್ನುವುದೇ ಇಲ್ಲ. ಇಲ್ಲದ್ದಕ್ಕೆ ಹೋಲಿಸುವುದು ಹೇಗೆ? ಆದ್ದರಿಂದ ಅಲ್ಲಿ ಹೆನ್ರಿ ನಿಯಮ (ತೀರಾ ಕಡಿಮೆ ಕರಗಿದ ಅನಿಲದ ಒತ್ತಡ ಅದರ ಪ್ರಮಾಣಕ್ಕೆ ಅನುಗುಣ ಅನ್ನುವುದು) ಹಿಡಿಯುತ್ತೇವೆ, ಹೋಲಿಕೆಯ ಆಧಾರವೇ ಬದಲಾಗುತ್ತದೆ. ಮುಂದಿನ ಬಾರಿ ಆಕ್ಟಿವಿಟಿ ಕೊಯೆಫಿಶಿಯೆಂಟ್ ಕಂಡಾಗಲೆಲ್ಲ ಪಕ್ಕದಲ್ಲಿ 'ಯಾವುದಕ್ಕೆ ಹೋಲಿಸಿ?' ಅಂತ ಬರೆದುಕೊಂಡು ಉತ್ತರ ತುಂಬಿಸಿ. ಅರ್ಧ ಗೊಂದಲ ಅಲ್ಲೇ ತಿಳಿಯಾಗುತ್ತದೆ.

ಇನ್ನು 'ಸಾಫ್ಟ್‌ವೇರೇ ಎಲ್ಲಾ ಮಾಡುತ್ತೆ' ಅನ್ನುವ ಮಾತು. ಇದು ನನಗೆ ಬೇಸರ ತರುವ ಸಲಹೆ, ಯಾಕೆಂದರೆ ಇದರ ಬೆಲೆ ಆಮೇಲೆ ಪ್ಲಾಂಟ್‌ನವರು ತೆರುತ್ತಾರೆ. ಸಿಮ್ಯುಲೇಟರ್ ಲೆಕ್ಕ ಮಾಡುತ್ತದೆ, ನಿಜ. ಯಾವ ಮಾದರಿಯಲ್ಲಿ ಲೆಕ್ಕ ಮಾಡಬೇಕು ಅನ್ನುವುದನ್ನು ನೀವು ಹೇಳಬೇಕು. ಒಂದು ಕಡೆ ದ್ರಾವಕ ಮರುಬಳಕೆಯ ಕಾಲಂ ಒಂದರ ಡಿಸೈನ್ ನೋಡಿದ್ದೆ. ಮೂರು ದ್ರಾವಕಗಳ ಮಿಶ್ರಣ. ಎಂಜಿನಿಯರ್ ಎನ್‌ಆರ್‌ಟಿಎಲ್ ಮಾದರಿ (ದ್ರವ ಮಿಶ್ರಣದ ಆಕ್ಟಿವಿಟಿ ಕೊಯೆಫಿಶಿಯೆಂಟ್ ಲೆಕ್ಕ ಹಾಕುವಂಥದ್ದು) ಆಯ್ದಿದ್ದರು, ಆಯ್ಕೆ ಸರಿಯಾಗೇ ಇತ್ತು. ಆದರೆ ಮೂರು ಜೋಡಿಗಳಲ್ಲಿ ಒಂದು ಜೋಡಿಯ ಪ್ಯಾರಾಮೀಟರ್‌ಗಳು ಡೇಟಾಬ್ಯಾಂಕ್‌ನಲ್ಲಿ ಇರಲಿಲ್ಲ. ಸೊನ್ನೆ ಅಂತ ಕೂತಿದ್ದವು. ಎನ್‌ಆರ್‌ಟಿಎಲ್‌ನಲ್ಲಿ ಸೊನ್ನೆ ಅಂದರೆ ಆ ಜೋಡಿ ಆದರ್ಶ ದ್ರಾವಣ ಅಂತ ಅರ್ಥ. ಲೆಕ್ಕ ಸಲೀಸಾಗಿ ಮುಗಿಯಿತು, ಅಂದದ ಪ್ರೊಫೈಲ್ ಬಂತು, ಕಾಲಂ ಕಟ್ಟಿದ ಮೇಲೆ ಪ್ಯೂರಿಟಿ ಬರಲಿಲ್ಲ. ರಿಫ್ಲಕ್ಸ್ (ಮೇಲಿನಿಂದ ಕಾಲಂಗೆ ಮರಳಿ ಬಿಡುವ ದ್ರವ) ಏರಿಸಿದರು, ಉಗಿ ಜಾಸ್ತಿ ಸುಟ್ಟರು. ಅಲ್ಲಿ ಅಜಿಯೋಟ್ರೋಪ್ ಇತ್ತು, ಅಂದರೆ ದ್ರವದಲ್ಲೂ ಆವಿಯಲ್ಲೂ ಪ್ರಮಾಣ ಒಂದೇ ಆಗಿಬಿಡುವ ಮಿಶ್ರಣ. ಯಾವ ರಿಫ್ಲಕ್ಸ್‌ಗೂ ಅದು ಬಗ್ಗುವುದಿಲ್ಲ.

ಹಾಗಾದರೆ ನೀವೇನು ಮಾಡಬೇಕು?

ವಿಷಯ ಬಿಡುವುದು ಒಂದು ದಾರಿ. ಬಹಳ ಕಡೆ ಇದು ಕೋರ್ ವಿಷಯ, ಬಿಡಲು ಆಗುವುದೇ ಇಲ್ಲ. ನಿಮ್ಮಲ್ಲಿ ಆಯ್ಕೆ ಇದ್ದರೂ ಡಿಸೈನ್ ಕೆಲಸದ ಆಸೆ ಇರುವವರಿಗೆ ನಾನು ಹೇಳುವುದಿಲ್ಲ. ಸೆಪರೇಶನ್, ರಿಯಾಕ್ಟರ್, ಸಿಮ್ಯುಲೇಶನ್ ಎಲ್ಲದರಲ್ಲೂ ಫೇಸ್ ಇಕ್ವಿಲಿಬ್ರಿಯಂ, ಅಂದರೆ ಹಂತಗಳ ಸಮತೋಲನ, ಮತ್ತೆ ಎದುರಾಗುತ್ತದೆ. ಆಗ ಕಲಿಸುವವರು ಯಾರೂ ಇರುವುದಿಲ್ಲ. ಗಣಿತದ ಕೋರ್ಸ್ ಮೊದಲು ಮುಗಿಸಿ ಆಮೇಲೆ ಥರ್ಮೊ ಅಂದರೆ ಸೆಮಿಸ್ಟರ್ ಅಷ್ಟರಲ್ಲಿ ಮುಗಿದಿರುತ್ತದೆ. ಬಾಯಿಪಾಠದಿಂದ ಪಾಸಾಗಬಹುದು, ಅದನ್ನು ಸುಳ್ಳು ಅನ್ನುವುದಿಲ್ಲ. ಅದರ ಅಪಾಯ ಇಂಟರ್‌ವ್ಯೂನಲ್ಲಿ ಕಾಣುತ್ತದೆ. ನಾನು ಅಭ್ಯರ್ಥಿಗಳಿಗೆ ಡೆರಿವೇಶನ್ ಕೇಳುತ್ತಿರಲಿಲ್ಲ. 'ಈ ಮಿಶ್ರಣಕ್ಕೆ ಯಾವ ಪ್ರಾಪರ್ಟಿ ಪ್ಯಾಕೇಜ್ ಹಾಕುತ್ತೀರಿ, ಯಾಕೆ?' ಅಂತ ಕೇಳುತ್ತಿದ್ದೆ. ಪ್ರಾಪರ್ಟಿ ಪ್ಯಾಕೇಜ್ ಅಂದರೆ ಸಿಮ್ಯುಲೇಟರ್‌ಗೆ ಆರಿಸಿ ಕೊಡುವ ಲೆಕ್ಕದ ಮಾದರಿ. ಬಾಯಿಪಾಠ ಮಾಡಿದವರು ಅಲ್ಲಿಗೇ ನಿಂತುಬಿಡುತ್ತಿದ್ದರು.

ನಾನು ಹೇಳುವ ದಾರಿ ಇದು. ಒಂದೇ ಒಂದು ಮಿಶ್ರಣ ಹಿಡಿದು, ಅಳತೆಯಿಂದ ಶುರುಮಾಡಿ ಡಿಸೈನ್ ತೀರ್ಮಾನದವರೆಗೆ ಕೈಯಾರೆ ಲೆಕ್ಕ ಮಾಡಿ. ನೀವು ಬಾಗಲಕೋಟೆಯವರು. ನಿಮ್ಮ ಕಡೆ ಸಕ್ಕರೆ ಕಾರ್ಖಾನೆಗಳೂ ಡಿಸ್ಟಿಲರಿಗಳೂ ಬೇಕಾದಷ್ಟಿವೆ. ಎಥನಾಲ್–ನೀರು ತೆಗೆದುಕೊಳ್ಳಿ.

ಮೊದಲು ರೌಲ್ಟ್ ನಿಯಮದಿಂದ ಮಾಡಿ: ದ್ರವದಲ್ಲಿ ಘಟಕದ ಮೋಲ್ ಪ್ರಮಾಣವನ್ನು ಶುದ್ಧ ಘಟಕದ ಆವಿ ಒತ್ತಡದಿಂದ ಗುಣಿಸಿದರೆ ಅದರ ಪಾಲಿನ ಒತ್ತಡ. ಎಥನಾಲ್ ನೀರಿಗಿಂತ ಬೇಗ ಆವಿಯಾಗುತ್ತದೆ. ಆದ್ದರಿಂದ ಟ್ರೇ (ಕಾಲಂ ಒಳಗೆ ದ್ರವವೂ ಆವಿಯೂ ಸೇರುವ ತಟ್ಟೆ) ಸಾಕಷ್ಟಿದ್ದರೆ ಶುದ್ಧ ಎಥನಾಲ್ ಬರಲೇಬೇಕು ಅಂತ ಈ ನಿಯಮ ಹೇಳುತ್ತದೆ. ಆದರೆ ವಾತಾವರಣದ ಒತ್ತಡದಲ್ಲಿ ಕಾಲಂ ತೂಕದಲ್ಲಿ ಶೇ. 95.6ರ ಹತ್ತಿರ ನಿಂತುಬಿಡುತ್ತದೆ. ಮೋಲ್ ಲೆಕ್ಕದಲ್ಲಿ ಇದು ಸುಮಾರು ಶೇ. 89.4. ಅಲ್ಲಿ ಕುದಿಯುವ ತಾಪಮಾನ ಸುಮಾರು 78.2 ಡಿಗ್ರಿ. ದ್ರವದಲ್ಲಿರುವ ಪ್ರಮಾಣವೇ ಆವಿಯಲ್ಲೂ ಇರುತ್ತದೆ. ಇದೇ ಅಜಿಯೋಟ್ರೋಪ್.

ಈಗ ಒಂದು ಸಣ್ಣ ಲೆಕ್ಕ. ಪೇಪರ್ ಪೆನ್ನು ತೆಗೆದುಕೊಂಡು ಜೊತೆಗೇ ಮಾಡಿ. 78.2 ಡಿಗ್ರಿಯಲ್ಲಿ ಶುದ್ಧ ಎಥನಾಲ್‌ನ ಆವಿ ಒತ್ತಡ ಸುಮಾರು 101 ಕಿಲೋಪಾಸ್ಕಲ್, ನೀರಿನದು ಸುಮಾರು 44. ಒಟ್ಟು ಒತ್ತಡ 101.3. ಅಜಿಯೋಟ್ರೋಪ್‌ನಲ್ಲಿ ದ್ರವದ ಪ್ರಮಾಣ, ಆವಿಯ ಪ್ರಮಾಣ ಎರಡೂ ಒಂದೇ. ಆದ್ದರಿಂದ ಆಕ್ಟಿವಿಟಿ ಕೊಯೆಫಿಶಿಯೆಂಟ್ ಅಂದರೆ ಒಟ್ಟು ಒತ್ತಡವನ್ನು ಶುದ್ಧ ಘಟಕದ ಆವಿ ಒತ್ತಡದಿಂದ ಭಾಗಿಸಿದ್ದು, ಅಷ್ಟೇ. ಎಥನಾಲ್‌ಗೆ ಅದು ಹೆಚ್ಚುಕಮ್ಮಿ 1. ನೀರಿಗೆ 101.3 ಭಾಗಿಸು 44, ಅಂದರೆ 2.3. ಇದರ ಅರ್ಥ ಏನು? ಆ ದ್ರವದಲ್ಲಿ ನೀರು ಇರುವುದು ನೂರರಲ್ಲಿ ಹತ್ತೂವರೆ ಅಣು. ರೌಲ್ಟ್ ಪ್ರಕಾರ ಅದರ ಪಾಲಿನ ಒತ್ತಡ ಸುಮಾರು 4.7 ಕಿಲೋಪಾಸ್ಕಲ್ ಇರಬೇಕಿತ್ತು. ನಿಜಕ್ಕೂ ಇರುವುದು 10.7. ತನ್ನ ಸುತ್ತ ಎಥನಾಲ್ ತುಂಬಿರುವಾಗ ನೀರಿನ ಅಣುವಿಗೆ ಹೊರಗೆ ಹೋಗುವ ತವಕ ಎರಡು ಪಟ್ಟಿಗಿಂತ ಜಾಸ್ತಿ. ಕಡಿಮೆ ಆವಿಯಾಗುವ ನೀರು ಇಲ್ಲಿ ಎಥನಾಲ್‌ನಷ್ಟೇ ಸುಲಭವಾಗಿ ಆವಿಯಾಗುತ್ತಿದೆ. ಬೇರ್ಪಡಿಸಲು ವ್ಯತ್ಯಾಸವೇ ಉಳಿದಿಲ್ಲ. ನೀವು ಡೆರಿವೇಶನ್‌ನಲ್ಲಿ ಬರೆಯುವ ಗಾಮಾ, ಅಂದರೆ ಆಕ್ಟಿವಿಟಿ ಕೊಯೆಫಿಶಿಯೆಂಟ್, ಇದೇ.

ಮುಂದಿನ ಹೆಜ್ಜೆ, ಮಿಶ್ರಣದ ಪ್ರಮಾಣದಿಂದ ಗಾಮಾ ಕೊಡುವ ವಾನ್ ಲಾರ್ ಸಮೀಕರಣ. ಹಳೆಯದು, ಎರಡೇ ಸ್ಥಿರಾಂಕ. ವಾತಾವರಣದ ಒತ್ತಡದಲ್ಲಿ ಎಥನಾಲ್‌ಗೆ ಸುಮಾರು 1.68, ನೀರಿಗೆ ಸುಮಾರು 0.92 ಇಟ್ಟುಕೊಳ್ಳಿ. ಎಥನಾಲ್‌ನ ಮೋಲ್ ಪ್ರಮಾಣ 0.894 ಹಾಕಿ ನೀರಿನ ಗಾಮಾ ಕಂಡುಹಿಡಿಯಿರಿ. 2.25 ಬರುತ್ತದೆ. ಮೇಲೆ ಕೈಯಲ್ಲಿ ತೆಗೆದ 2.3ರ ಪಕ್ಕದಲ್ಲೇ ಇದೆ. ಈಗ ಸೊನ್ನೆಯಿಂದ ಒಂದರವರೆಗೆ ಎಲ್ಲ ಪ್ರಮಾಣಗಳಿಗೂ ಎಥನಾಲ್, ನೀರು ಎರಡರ ಗಾಮಾ ಲೆಕ್ಕ ಮಾಡಿ, ಗ್ರಾಫ್ ಹಾಕಿ. ನೀರಿನಲ್ಲಿ ಎಥನಾಲ್ ತೀರಾ ಕಡಿಮೆ ಇರುವ ತುದಿಯಲ್ಲಿ ಎಥನಾಲ್‌ನ ಗಾಮಾ 5 ದಾಟಿರುತ್ತದೆ. ಹುದುಗು ಬಂದ ವಾಶ್‌ನಿಂದ (ಎಥನಾಲ್ ಕಡಿಮೆ ಇರುವ ದ್ರವದಿಂದ) ಎಥನಾಲ್ ಅಷ್ಟು ಸುಲಭವಾಗಿ ಮೇಲೆ ಬರುವುದು ಇದರಿಂದಲೇ. ಕೆಳಗಿನ ಟ್ರೇಗಳಲ್ಲಿ ಸಹಾಯ ಮಾಡಿದ ಗುಣವೇ ಮೇಲಿನ ಟ್ರೇಗಳಲ್ಲಿ ಅಡ್ಡ ನಿಲ್ಲುತ್ತದೆ. ಆಮೇಲೆ ಗಿಬ್ಸ್–ಡ್ಯೂಹೆಮ್ ಸಮೀಕರಣ ಓದಿ. ಎರಡು ಗ್ರಾಫ್‌ಗಳ ಇಳಿಜಾರು ಒಂದಕ್ಕೊಂದು ಕಟ್ಟಿಹಾಕಿಕೊಂಡಿರುವುದು ಕಾಣುತ್ತದೆ. ಪ್ರಯೋಗದ ಡೇಟಾ ನಂಬಬಹುದೇ ಅಂತ ಪರೀಕ್ಷಿಸಲು ನಾವು ಇದನ್ನೇ ಬಳಸುವುದು.

ಇಲ್ಲೇ ಇನ್ನೊಂದು ತಪ್ಪು ಕಲ್ಪನೆ ಬಿಡಿಸಬೇಕು. ಗಾಮಾ ಒಂದಕ್ಕಿಂತ ಜಾಸ್ತಿ ಇದ್ದರೆ ಬೆರೆಸುವಾಗ ಶಾಖ ಹೀರಬೇಕು ಅಂತ ಬಹಳ ಜನ ಬರೆಯುತ್ತಾರೆ. ಎಥನಾಲ್ ಮತ್ತು ನೀರನ್ನು ಕೋಣೆಯ ತಾಪಮಾನದಲ್ಲಿ ಬೆರೆಸಿದರೆ ಬಿಸಿಯಾಗುತ್ತದೆ, ಶಾಖ ಹೊರಗೆ ಬರುತ್ತದೆ. ಆದರೂ ಗಾಮಾ ಒಂದಕ್ಕಿಂತ ಜಾಸ್ತಿ. ಹೇಗೆ? ಗಾಮಾ ನಿರ್ಧರಿಸುವುದು ಎಕ್ಸೆಸ್ ಗಿಬ್ಸ್ ಎನರ್ಜಿ. ಅದರಲ್ಲಿ ಎಂಥಾಲ್ಪಿಯೂ ಇದೆ, ಎಂಟ್ರೊಪಿಯೂ ಇದೆ. ಇಲ್ಲಿ ಬೆರೆತ ಅಣುಗಳು ಆದರ್ಶ ಮಿಶ್ರಣಕ್ಕಿಂತ ಹೆಚ್ಚು ಅಚ್ಚುಕಟ್ಟಾಗಿ ಕೂತುಬಿಡುತ್ತವೆ. ಎಂಟ್ರೊಪಿ ಕಡಿಮೆಯಾಗುತ್ತದೆ. ಆ ನಷ್ಟ ಶಾಖದ ಲಾಭಕ್ಕಿಂತ ದೊಡ್ಡದು. ಈ ಒಂದು ಉದಾಹರಣೆ ಅರ್ಥವಾದರೆ ನಿಮ್ಮ ಸಿಲಬಸ್‌ನ ಅರ್ಧ ಅಧ್ಯಾಯ ಅರ್ಥವಾದ ಹಾಗೆ.

ಕೊನೆಗೆ ಡಿಸೈನ್ ತೀರ್ಮಾನ. ಪೆಟ್ರೋಲ್‌ಗೆ ಬೆರೆಸುವ ಎಥನಾಲ್‌ನಲ್ಲಿ ನೀರು ಬಹಳ ಕಡಿಮೆ ಇರಬೇಕು, ಅಜಿಯೋಟ್ರೋಪ್‌ನ ಶುದ್ಧತೆ ಸಾಲದು. ಮೊದಲು ಬೆಂಜೀನ್ ಅಥವಾ ಸೈಕ್ಲೋಹೆಕ್ಸೇನ್ ಹಾಕಿ ಅಜಿಯೋಟ್ರೋಪಿಕ್ ಡಿಸ್ಟಿಲೇಶನ್ ಮಾಡುತ್ತಿದ್ದರು. ಬೆಂಜೀನ್ ಕ್ಯಾನ್ಸರ್ ತರುವಂಥದ್ದು. ಈಗ ಹೆಚ್ಚಾಗಿ ಮಾಲಿಕ್ಯುಲರ್ ಸೀವ್. ಅದರ ರಂಧ್ರ ಸುಮಾರು 3 ಆಂಗ್‌ಸ್ಟ್ರಮ್. ನೀರಿನ ಅಣು ಒಳಗೆ ಹೋಗುತ್ತದೆ, ಎಥನಾಲ್ ಹೋಗುವುದಿಲ್ಲ. ಡಿಸ್ಟಿಲೇಶನ್ ಎಲ್ಲಿ ನಿಲ್ಲಿಸಬೇಕು, ಸೀವ್ ಎಲ್ಲಿ ಶುರುಮಾಡಬೇಕು ಅನ್ನುವ ತೀರ್ಮಾನ ಶುರುವಾಗುವುದು ನೀವು ಹಾಕಿದ ಆ ಗ್ರಾಫ್‌ನಿಂದಲೇ. ಹತ್ತಿರದ ಡಿಸ್ಟಿಲರಿಯಲ್ಲಿ ಪರಿಚಯದವರಿದ್ದರೆ ಒಮ್ಮೆ ಹೋಗಿ ನೋಡಿ. ಸೀವ್‌ಗೆ ಹೋಗುವ ಸ್ಪಿರಿಟ್‌ನ ಶುದ್ಧತೆ ಎಷ್ಟು, ಅದಕ್ಕಿಂತ ಮೇಲೆ ಯಾಕೆ ಒಯ್ಯುವುದಿಲ್ಲ ಅಂತ ಆಪರೇಟರ್‌ಗೆ ಕೇಳಿ.

ಈ ದಾರಿಗೂ ಅಪಾಯ ಇದೆ, ಮುಚ್ಚಿಡುವುದಿಲ್ಲ. ಸಮಯ ತಿನ್ನುತ್ತದೆ. ಎರಡನೇ ಟೆಸ್ಟ್ ಹತ್ತಿರದಲ್ಲಿದ್ದರೆ ಇದೊಂದನ್ನೇ ನಂಬಿ ಕೂತರೆ ಅಂಕ ಮತ್ತೆ ಹೋಗುತ್ತದೆ. ಆದ್ದರಿಂದ ವಾರದ ದಿನಗಳಲ್ಲಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ, ಡೆರಿವೇಶನ್ ಅಭ್ಯಾಸ ಬಿಡಬೇಡಿ. ಭಾನುವಾರ ಮಾತ್ರ ಎಥನಾಲ್–ನೀರಿಗೆ ಕೊಡಿ. ಎರಡೂ ಒಂದಕ್ಕೊಂದು ಸೇರಲು ಕೆಲವು ವಾರ ಬೇಕು. ಆಮೇಲೆ ಡೆರಿವೇಶನ್ ಬರೆಯುವಾಗಲೂ ಯಾವ ಪದ ಎಲ್ಲಿಂದ ಬಂತು ಅಂತ ಕಾಣತೊಡಗುತ್ತದೆ.

ಖರ್ಚಿನ ಚಿಂತೆ ಬೇಡ. ಆವಿ ಒತ್ತಡದ ಅಂಕಿಗಳು ಅಮೆರಿಕದ ನಿಸ್ಟ್ ಸಂಸ್ಥೆಯ ವೆಬ್‌ಬುಕ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಕಲಿಕಾ ತಾಣದಲ್ಲಿ ಐಐಟಿ ಪ್ರಾಧ್ಯಾಪಕರ ಪಾಠಗಳಿವೆ. ಡಿಡಬ್ಲ್ಯುಸಿಮ್ ಅನ್ನುವ ಸಿಮ್ಯುಲೇಟರ್ ಉಚಿತ, ಐಐಟಿ ಬಾಂಬೆಯ ಫಾಸ್ಸೀ ತಂಡ ಅದನ್ನು ವಿದ್ಯಾರ್ಥಿಗಳಿಗೆ ಕಲಿಸುತ್ತದೆ. ಆದರೆ ಸಿಮ್ಯುಲೇಟರ್ ತೆರೆಯುವುದು ಕೈಲೆಕ್ಕ ಮುಗಿದ ಮೇಲೆ. ಅದೇ ಎಥನಾಲ್–ನೀರನ್ನು ಒಮ್ಮೆ ರೌಲ್ಟ್ ಮಾದರಿಯಲ್ಲಿ, ಒಮ್ಮೆ ಎನ್‌ಆರ್‌ಟಿಎಲ್‌ನಲ್ಲಿ ಓಡಿಸಿ. ಎರಡು ಉತ್ತರಗಳನ್ನೂ ನಿಮ್ಮ ಗ್ರಾಫ್ ಪಕ್ಕ ಇಡಿ. ಯಾವುದು ಸುಳ್ಳು ಅಂತ ನಿಮಗೇ ಗೊತ್ತಾಗುತ್ತದೆ.

ಅದಾದ ಮೇಲೆ ಇಕ್ವೇಶನ್ ಆಫ್ ಸ್ಟೇಟ್‌ಗೆ (ಒತ್ತಡ, ಗಾತ್ರ, ತಾಪಮಾನಗಳನ್ನು ಜೋಡಿಸುವ ಸಮೀಕರಣಗಳಿಗೆ) ಹೋಗಿ. 1873ರ ವಾನ್ ಡರ್ ವಾಲ್ಸ್‌ನಿಂದ 1972ರ ಸೋವೆ, 1976ರ ಪೆಂಗ್–ರಾಬಿನ್‌ಸನ್‌ವರೆಗೆ ಒಂದೇ ವಂಶ, ಒಟ್ಟಿಗೆ ಓದಿದರೆ ಬೇಗ ಆಗುತ್ತದೆ. ಹೈಡ್ರೋಕಾರ್ಬನ್, ಅನಿಲ, ಜಾಸ್ತಿ ಒತ್ತಡ ಇದ್ದಲ್ಲಿ ಪೆಂಗ್–ರಾಬಿನ್‌ಸನ್ ತರಹದ್ದು ಹಿಡಿಯುತ್ತೇವೆ. ಆಲ್ಕೊಹಾಲ್, ನೀರು, ಕೀಟೋನ್ ಇರುವ ಕಡಿಮೆ ಒತ್ತಡದ ದ್ರವಗಳಿಗೆ ಎನ್‌ಆರ್‌ಟಿಎಲ್ ಅಥವಾ ಅದೇ ತರಹದ ಯುನಿಕ್ವಾಕ್ ಮಾದರಿ. ಅಳತೆಯೇ ಸಿಗದ ಜೋಡಿಗೆ ಅಣುವಿನ ಭಾಗಗಳಿಂದ ಲೆಕ್ಕ ಹಾಕುವ ಯುನಿಫ್ಯಾಕ್‌ನಿಂದ ಅಂದಾಜು ಮಾಡಬಹುದು, ಆದರೆ ಅದನ್ನು ಅಂದಾಜು ಅಂತಲೇ ರಿಪೋರ್ಟ್‌ನಲ್ಲಿ ಬರೆಯಬೇಕು.

ನಿಮ್ಮ ಪ್ರಾಧ್ಯಾಪಕರ ಹತ್ತಿರ ಹೋಗಲು ಸಂಕೋಚ ಬೇಡ. ಸುಮ್ನೆ 'ಅರ್ಥ ಆಗಲಿಲ್ಲ ಸರ್' ಅಂದರೆ ಅವರು ಮತ್ತೆ ಅದೇ ಡೆರಿವೇಶನ್ ಬರೆದು ತೋರಿಸಬಹುದು. ಗ್ರಾಫ್ ತೆಗೆದುಕೊಂಡು ಹೋಗಿ, 'ನೀರಿನ ಗಾಮಾ ಈ ತುದಿಯಲ್ಲಿ 2.5 ಬರುತ್ತಿದೆ, ಆ ತುದಿಯಲ್ಲಿ ಎಥನಾಲ್‌ನದು 5 ದಾಟುತ್ತಿದೆ, ಎರಡೂ ಯಾಕೆ ಒಂದೇ ಅಲ್ಲ?' ಅಂತ ಕೇಳಿ. ಅವರ ಉತ್ತರ ಬೇರೆಯೇ ಇರುತ್ತದೆ.